ಉದ್ದನೆಯ ಕಸೂತಿಗೆ ಚೌಕಟ್ಟು

ಧಾರವಾಡದ ಸೀಮೆಯಲ್ಲಿ ಹಳೆಯ ಟ್ರಂಕುಗಳನ್ನು ತೆರೆದರೆ ಕಸೂತಿ ಬಟ್ಟೆ ಕಾಣುವುದು ಅಪರೂಪವಲ್ಲ. ನಮ್ಮ ಮನೆಯಲ್ಲಿಯೂ ಗೇಣಗಲದ, 4 ಮೊಳ ಉದ್ದದ ಒಂದು ಪಟ್ಟಿಯಿದೆ. ಗೋಪುರ, ತೇರು, ಆನೆ, ತುಲಸೀ ವೃಂದಾವನಗಳು ಅದರಲ್ಲಿ ಸಾಲಾಗಿ ನಿಂತಿವೆ. ಹಾಕಿದವಳು ನಮ್ಮಜ್ಜಿ. ಆಕೆಗೆ ಅಕ್ಷರ ಬಾರದು. ಆದರೆ ಎಳೆಯ ಎಣಿಕೆ ತಪ್ಪಿದ್ದಿಲ್ಲ. ಇಂಥದನ್ನು ಗೋಡೆಗೆ ಏರಿಸುವ ಕ್ರಮವೇನೆಂಬುದೇ ಇಲ್ಲಿಯ ವಿಷಯ.

ಕಸೂತಿಯ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತಿ. ಮೊದಲೇ ಗೆರೆ ಬರೆದುಕೊಳ್ಳುವ ರೂಢಿಯಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿಯಲ್ಲಿ ಸೂಜಿಯು ಹೋದ ದಾರಿಯಲ್ಲಿಯೇ ಹಿಂದಿರುಗಿ, ಬಿಟ್ಟ ಎಡೆಗಳನ್ನು ತುಂಬುತ್ತದೆ. ಆದುದರಿಂದ ಗವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡು ಮೈಯೂ ಒಂದೇ, ಗಂಟು ಕಾಣಕೂಡದು. ಅಂದಮೇಲೆ ಬೆನ್ನಿಗೆ ಅಂಟು ಬಳಿಯುವುದೆಂದರೆ ಅರ್ಧ ಕೆಲಸವನ್ನು ಹೂಳಿದಂತೆಯೇ ಸರಿ.

ನಮ್ಮಲ್ಲಿ ಆದದ್ದೂ ಅದೇ. ಅಂಗಡಿಯೊಂದರಲ್ಲಿ ಪಟ್ಟಿಯ ಒಂದು ತುದಿಯನ್ನು ರಟ್ಟಿಗೆ ಅಂಟಿಸಿಬಿಟ್ಟರು. ಬಿಡಿಸಿ ತಂದೆವು, ಕೊನೆಯ ಆನೆಯ ಹಿಂದೆ ಕಂದು ಕಲೆ ಇಂದಿಗೂ ಉಳಿದಿದೆ. ಅಜ್ಜಿ ಏನೂ ಅನ್ನಲಿಲ್ಲ. ಬಟ್ಟೆಯನ್ನು ತಿರುವಿ ನೋಡಿ ಮಡಿಚಿಟ್ಟಳು. ಆಮೇಲೆ ನಾನೇ ಕಲಿಯಬೇಕಾಯಿತು.

ಒದ್ದೆ ಮಾಡಿದ ಬಿಳಿ ಅರಳೆಯನ್ನು ಹಿಂಬದಿಯ ಮೂಲೆಯ ದಾರಕ್ಕೆ ಒತ್ತಿ ನೋಡಬೇಕು. ಬಣ್ಣ ತಗುಲಿದರೆ ಪಟ್ಟಿಯನ್ನು ಒಗೆಯಕೂಡದು. ಗಂಜಿ ಹೋಗುವಂತೆ ಒಗೆದ ಹತ್ತಿಬಟ್ಟೆಯೊಂದನ್ನು ಪಟ್ಟಿಗಿಂತ ಅಗಲವಾಗಿ ಕತ್ತರಿಸಿ, ಅದಕ್ಕೆ ಕಸೂತಿಯ ಅಂಚನ್ನು ಸಣ್ಣ ಹೊಲಿಗೆಯಿಂದ ಕೂಡಿಸಬೇಕು. ಬಳಿಕ ಈ ಅಡಿಬಟ್ಟೆಯನ್ನು ಆಮ್ಲರಹಿತ ರಟ್ಟಿನ ಹಿಂದೆ ಮಡಿಚಿ, ದಾರದಿಂದ ಅತ್ತಿತ್ತ ಎಳೆದು ಬಿಗಿಯಬೇಕು. ಹೀಗೆ ಮಾಡಿದರೆ ಎಳೆತವೆಲ್ಲ ಅಡಿಬಟ್ಟೆಗೆ ಬೀಳುತ್ತದೆ, ಕಸೂತಿಗಲ್ಲ. ಉದ್ದನೆಯ ಪಟ್ಟಿಯಾದುದರಿಂದ ಹೊಲಿಗೆಯನ್ನೂ ಬಿಗಿತವನ್ನೂ ನಡುವಿನಿಂದ ಆರಂಭಿಸಿ ಎರಡೂ ತುದಿಗೆ ಸರಿಯಬೇಕು. ಇಲ್ಲವಾದರೆ ಸಡಿಲೆಲ್ಲ ಒಂದೇ ಕಡೆ ಸೇರಿ ತೇರು ವಾಲುತ್ತದೆ.

ಗಾಜು ಬಟ್ಟೆಗೆ ತಾಗಿದರೆ ತೇವ ನಿಂತು ಬೂಷ್ಟು ಹಿಡಿಯುವುದು. ನಡುವೆ ತೆಳು ಪಟ್ಟಿ ಕೊಟ್ಟು ಎಡೆ ಬಿಡಬೇಕು. 6 ಅಡಿಯ ಗಾಜು ಭಾರವಾಗುವುದರಿಂದ ಅಕ್ರಿಲಿಕ್ ಹಾಳೆ ಮೇಲು. ಒಂದೇ ಮೊಳೆಗೆ ತೂಗುಹಾಕದೆ ಎರಡು ಕಡೆ ಆಧಾರ ಕೊಡಬೇಕು. ಬಿಸಿಲು ಬೀಳುವ ಗೋಡೆ ಬೇಡ. ಅದು ಬಣ್ಣವನ್ನು ಮಾಸಿಸಿ ರೇಷ್ಮೆಯ ಎಳೆಯನ್ನು ಸೊರಗಿಸುತ್ತದೆ.

ಸಾರಾಂಶವಿಷ್ಟು: ಮುಂದೆ ಬಿಚ್ಚಲಾಗದಂಥದನ್ನು ಇಂದು ಮಾಡಕೂಡದು. ನಾಳೆ ಯಾರಾದರೂ ಬಿಚ್ಚಿ ಹಿಂಬದಿಯನ್ನೂ ನೋಡುವಂತಿರಲಿ.

ಅಜ್ಜಿ ಪಟ್ಟಿಯ ಮೇಲೆ ತನ್ನ ಹೆಸರು ಹಾಕಿಲ್ಲ. ಅದನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಚೌಕಟ್ಟಿನ ಬೆನ್ನಿಗಿಟ್ಟೆನು. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಅಷ್ಟಾದರೂ ನನ್ನಿಂದ ಆಗಬೇಕಿತ್ತು.