ಹೊನ್ನೆಯ ಬಣ್ಣ ಗೋಡೆಗೆ ಬಿಟ್ಟೀತು

ಮೂಡಲಪಾಳ್ಯದ ಅಡ್ಡರಸ್ತೆಗಳಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟಿಸುತ್ತಿರುವವರಿಗೆ ಒಂದು ಮಾತು: ಮರವೆಂದರೆ ಸಾಗುವಾನಿಯೊಂದೇ ಅಲ್ಲ. ಹೊನ್ನೆ ಅದಕ್ಕಿಂತ ಭಾರ, ಗಡುಸು. ಗೆದ್ದಲು ಸುಲಭಕ್ಕೆ ಮುಟ್ಟದು. ಬಾಗಿಲವಾಡಕ್ಕೆ, ಹೊಸಿಲಿಗೆ ಹೇಳಿಮಾಡಿಸಿದ್ದು. ಆದರೆ ಅಸಲಿಯೇ ಎಂದು ನೋಡಿ ತಗೊಳ್ಳಿ. ಒಂದು ಚಕ್ಕೆಯನ್ನು ನೀರಿಗೆ ಹಾಕಿಡಿ. ನೀರು ಹೊಂಬಣ್ಣಕ್ಕೆ ತಿರುಗಿ, ಬಿಸಿಲಿಗೆ ಓರೆಯಾಗಿ ಹಿಡಿದರೆ ನೀಲಿ ಮಿನುಗಬೇಕು. ಸಕ್ಕರೆ ಕಾಯಿಲೆಗೆಂದು ಮಾರುವ ಲೋಟವೂ ಇದೇ ಮರದ್ದು (ಅದನ್ನು ನಂಬಿ ಮಾತ್ರೆ ಬಿಡಬೇಡಿ). ನೀರಿಗೆ ಬಿಡುವ ಇದೇ ಬಣ್ಣ ಹಸಿ ಗಾರೆಗೆ ಇಳಿದರೆ ಗೋಡೆ ತುಂಬ ಹಳದಿ ಕಲೆ. ಗಾರೆಗೆ ತಾಗುವ ಮೈಗೆ ಮೊದಲೇ ಪ್ರೈಮರ್ ಬಳಿಸಿ. ಅಂಚಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ಕೆಚ್ಚು ಮಾತ್ರ ಕೇಳಿ. ತೋಪಡ ಹೊಡೆಯುತ್ತ ಆಚಾರಿ ಗೊಣಗಿದರೆ ಕೂಲಿ ಕೊಂಚ ಜಾಸ್ತಿ ಕೊಡಿ. ಹೊನ್ನೆಯ ಎಳೆ ಹೆಣೆದುಕೊಂಡಿರುತ್ತದೆ, ತೋಪಡಕ್ಕೆ ಸುಲಭಕ್ಕೆ ಬಗ್ಗದು.