ಎಂಜಿನ್ ಇಳಿಸುವ ಮೊದಲು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಗ್ಯಾರೇಜುಗಳಲ್ಲಿ ಕೆಲಸ ಕಲಿಯುವ ನಿಮಗೆ ಟ್ರ್ಯಾಕ್ಟರ್, ಟಂಟಂ ಎಂಜಿನ್ ಹೊಸದಲ್ಲ. ಆದರೆ ಹಳೆಯ ಆಟೋಮ್ಯಾಟಿಕ್ ಕಾರು ಬಂದಾಗ ಅದೇ ರೂಢಿ ನಡೆಯೂದಿಲ್ಲ. ಅದರಾಗ ಸಾಮಾನ್ಯವಾಗಿ ಕ್ಲಚ್ ಪ್ಲೇಟ್ ಬದಲು ಆಯಿಲ್ ತುಂಬಿದ ಟಾರ್ಕ್ ಕನ್ವರ್ಟರ್ ಇರ್ತದ.

ಬ್ಯಾಟರಿ ತಂತಿ ಬಿಚ್ಚಿ, ರೇಡಿಯೇಟರ್ ನೀರು ಇಳಿಸಿರಿ. ನಂತರ ಕನ್ವರ್ಟರನ್ನು ಫ್ಲೆಕ್ಸ್ ಪ್ಲೇಟಿಗೆ ಹಿಡಿದ ಬೋಲ್ಟುಗಳನ್ನು, ಕ್ರ್ಯಾಂಕ್ ತಿರುಗಿಸುತ್ತ ಒಂದೊಂದಾಗಿ ಬಿಚ್ಚಬೇಕು. ಕನ್ವರ್ಟರ್ ಗೇರ್ ಬಾಕ್ಸಿನಲ್ಲೇ ಉಳಿಯಲಿ. ತಿರುಗಿ ಕೂಡಿಸುವಾಗ ಅದು ಪೂರ್ತಿ ಒಳಗೆ ಕೂತಿರಬೇಕು. ಕೂಡದಿದ್ದರೂ ಬೋಲ್ಟ್ ಬಿಗಿದು ಎಳೆದರೆ ಗೇರ್ ಬಾಕ್ಸಿನ ಆಯಿಲ್ ಪಂಪ್ ಮುರಿತದ. ಸಂಘದ ಸಾಲ ತೆಗೆದು ಬಾಡಿಗೆ ಓಡಿಸುವವರ ಮನಿಗೆ ಅದು ದೊಡ್ಡ ಹೊರೆ.

ಚೈನ್ ಬ್ಲಾಕಿಗೆ ತೂಗುವ ಎಂಜಿನ್ ಕೆಳಗೆ ಕೈಕಾಲು ಹಾಕಬ್ಯಾಡ್ರಿ. "ಸಿಸ್ಟರ್, ಎರಡೇ ನಿಮಿಷದ ಕೆಲ್ಸ" ಅಂತೀರಿ. ಕೊಂಡಿ ಜಾರಿದ್ರ ಬೆರಳು ಹೋಗ್ತಾವ. 14 ವರ್ಷದೊಳಗಿನ ಹುಡುಗರನ್ನು ಗ್ಯಾರೇಜಿನಲ್ಲಿ ದುಡಿಸುವುದಂತೂ ಅಪರಾಧ.

ಬೇರೆ ಎಂಜಿನ್ ಹಾಕಿದರೆ ನಂಬರೂ ಬದಲಾಗ್ತದ. ಕಾರಿನ ಮಾಲೀಕರು ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಅನುಮತಿ ಪಡೆದು, ಹೊಸ ನಂಬರನ್ನು ಆರ್.ಸಿ.ಯಲ್ಲಿ ಬರೆಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಹಣಕ್ಕೆ ತಕರಾರು ಬರಬಹುದು. ತಂದ ಎಂಜಿನ್ನಿನ ಬಿಲ್ಲು ಕೇಳಿ ನೋಡಿರಿ. ಬಿಲ್ಲಿಲ್ಲದ ಎಂಜಿನ್ ಕಳವಿನದೂ ಆಗಿರಬಹುದು.