ಕೈಯಲ್ಲಿನ ಹಗ್ಗ, ನೆರೆಹೊರೆಯ ನೆಮ್ಮದಿ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ. ಶ. 949ರಲ್ಲಿ ಒಂದು ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿದರು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಪರಾಕ್ರಮ ತೋರಿದ ಮಣಲೇರನೆಂಬ ವೀರನು, ತನ್ನ ಒಡೆಯನು ಮೆಚ್ಚಿದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಮಡಿದವು. ಮಣಲೇರನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಗೊರವನು ಉಣ್ಣಬಾರದೆಂಬ ಕಟ್ಟಳೆಯನ್ನೂ ಬರೆಸಿದನು. ಕನ್ನಡಿಗನ ಶ್ವಾನಪ್ರೀತಿ ಎಷ್ಟು ಹಳೆಯದೋ ಆ ಪ್ರೀತಿಗೊಂದು ಕಟ್ಟಳೆ ಬೇಕೆಂಬ ತಿಳಿವಳಿಕೆಯೂ ಅಷ್ಟೇ ಹಳೆಯದು.

ಈ ಶಾಸನವನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಅದರ ಬೆನ್ನಿಗೇ ಇರುವ ಕಬ್ಬನ್ ಉದ್ಯಾನದಲ್ಲಿ 2022ರಲ್ಲಿ ನಾಯಿಯ ಪ್ರಶ್ನೆಯೇ ದೊಡ್ಡ ವಿವಾದವಾಯಿತು. ಕೆಲವರು ನಾಯಿಗಳನ್ನು ಹಗ್ಗವಿಲ್ಲದೆ ಬಿಡುತ್ತಾರೆ, ಅವುಗಳ ಮಲವನ್ನು ತೆಗೆಯುವುದಿಲ್ಲ ಎಂಬ ದೂರುಗಳು ಹೆಚ್ಚಿದಾಗ, ತೋಟಗಾರಿಕೆ ಇಲಾಖೆಯು ಜುಲೈ 1ರಿಂದ ಸಾಕುನಾಯಿಗಳ ಪ್ರವೇಶವನ್ನೇ ನಿಷೇಧಿಸಲು ಮುಂದಾಯಿತು. ಶ್ವಾನಪ್ರಿಯರು ಪ್ರತಿಭಟಿಸಿದರು, ನಿಷೇಧವನ್ನು ಮುಂದೂಡಲಾಯಿತು. ಹಗ್ಗ ಹಿಡಿಯದ ಕೆಲವರಿಂದ, ಹಗ್ಗ ಹಿಡಿದು ನಡೆಯುವವರೆಲ್ಲರೂ ಉದ್ಯಾನವನ್ನು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದರೆಂಬುದೇ ಈ ಪ್ರಕರಣದ ಪಾಠ.

ಅಂಗಳದಿಂದ ಉದ್ಯಾನಕ್ಕೆ

ನಾಗಪುರದಿಂದ ಸುಮಾರು 45 ಕಿ. ಮೀ. ದೂರದ ಉಮರೇಡ್ ಕಲ್ಲಿದ್ದಲ ಗಣಿಗೆ ಹೆಸರಾದ ಊರು. ಅಂಥ ಊರಿನಲ್ಲಿ ಸ್ವಂತ ಅಂಗಳವುಳ್ಳವನ ನಾಯಿ ಬೇಲಿಯೊಳಗೆ ಬಿಡುವಾಗಿ ಓಡಾಡಿದರೆ ಯಾರ ಆಕ್ಷೇಪವೂ ಇಲ್ಲ. ಅದೇ ಕುಟುಂಬ ನಗರದ ವಸತಿ ಸಂಕೀರ್ಣಕ್ಕೆ ಬಂದಾಗ ಅಂಗಳದ ಸ್ಥಾನವನ್ನು ನೂರು ಮನೆಗಳಿಗೆ ಸೇರಿದ ಒಂದೇ ಹಸಿರು ತುಂಡು ಪಡೆಯುತ್ತದೆ. ಅಲ್ಲಿ ಮಂಡಿನೋವಿನ ವೃದ್ಧರು ನಡೆಯುತ್ತಾರೆ, ಮಕ್ಕಳು ಮಣ್ಣಿನಲ್ಲಿ ಆಡುತ್ತಾರೆ. ಸ್ಥಳ ಬದಲಾದರೂ ಅಭ್ಯಾಸ ಬದಲಾಗದಿದ್ದರೆ ಜಗಳ ಅನಿವಾರ್ಯ.

ಉಮರೇಡಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಊರಿನ ಆಚೆಗೆ ಹುಲಿಗಳಿರುವ ಉಮರೇಡ್–ಪವನಿ–ಕರ್ಹಾಂಡ್ಲಾ ಅಭಯಾರಣ್ಯವಿದೆ. ನಾಯಿಗಳಲ್ಲಿ ಕಾಣುವ ಡಿಸ್ಟೆಂಪರ್ ರೋಗದ ವೈರಾಣು ವನ್ಯಮೃಗಗಳಿಗೂ ತಗುಲಬಲ್ಲದು. 2018ರಲ್ಲಿ ಗೀರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ, ಕೆಲವುಗಳಲ್ಲಿ ಈ ವೈರಾಣು ಕಂಡುಬಂದಿತ್ತು. ಕಾಡಿನಂಚಿನಲ್ಲಿ ಹಗ್ಗವೂ ಲಸಿಕೆಯೂ ಕಾಡಿನ ರಕ್ಷಣೆಗೂ ಬೇಕು.

ಎರಡು ಪಕ್ಷಗಳ ವಾದ

ನಾಯಿ ಸಾಕಿದವರು, "ನಮ್ಮದು ಯಾರಿಗೂ ಏನೂ ಮಾಡುವುದಿಲ್ಲ" ಎನ್ನುತ್ತಾರೆ. ಅದು ನಿಜವೇ ಇರಬಹುದು. ಆದರೆ ಎದುರಿನಿಂದ ಬರುವವರಿಗೆ ಅದು ತಿಳಿಯುವುದು ಹೇಗೆ? ಪ್ರೀತಿಯಿಂದಲೇ ಹಾರಿಬಂದ ನಾಯಿಯ ಭಾರಕ್ಕೆ ಎಪ್ಪತ್ತು ದಾಟಿದವರು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಇತ್ತ, ನಾಯಿಗೆ ದಿನವೂ ನಡಿಗೆ ಬೇಕೆಂಬುದೂ, ಒಂಟಿಯಾಗಿರುವ ಅನೇಕ ಹಿರಿಯರಿಗೆ ಅದೇ ಸಂಗಾತಿಯೆಂಬುದೂ ಅಷ್ಟೇ ನಿಜ. ಹಗ್ಗವು ನಾಯಿಗೆ ಕೊಟ್ಟ ಶಿಕ್ಷೆಯಲ್ಲ. ಒಡೆಯನು ನೆರೆಯವನಿಗೆ ಕೊಟ್ಟ ಜಾಮೀನು.

ಕಾನೂನೂ ಈ ನಡುದಾರಿಯನ್ನೇ ತೋರುತ್ತದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯು ಸಾಕುಪ್ರಾಣಿಗಳನ್ನು ಉದ್ಯಾನದಿಂದ ಸಾರಾಸಗಟಾಗಿ ಹೊರಗಿಡುವುದನ್ನು ಒಪ್ಪುವುದಿಲ್ಲ; ಇತರರಿಗೆ ಅಡಚಣೆಯಾಗದ ವೇಳೆಯನ್ನು ಗೊತ್ತುಮಾಡಬಹುದೆನ್ನುತ್ತದೆ; ಸಾರ್ವಜನಿಕ ಸ್ಥಳದಲ್ಲಿ ಹಗ್ಗ ಹಿಡಿಯಬೇಕೆಂದು ಒಡೆಯರಿಗೆ ಸಲಹೆ ಕೊಡುತ್ತದೆ. ನಿವಾಸಿಗಳ ಸಂಘವು ಸಾಕುಪ್ರಾಣಿಗಳನ್ನೇ ನಿಷೇಧಿಸುವಂತಿಲ್ಲವೆಂದು ಕೇರಳ ಉಚ್ಚ ನ್ಯಾಯಾಲಯವು 2021ರಲ್ಲಿ ಹೇಳಿತು. ಆದರೆ ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ 5,000 ರೂಪಾಯಿಯವರೆಗಿನ ದಂಡ, ಅಥವಾ ಎರಡೂ ಒದಗಬಹುದು.

ಬೀದಿನಾಯಿಗಳ ವಿಷಯ ಬೇರೆ. ನಾಗಪುರ ಮತ್ತು ಸುತ್ತಲಿನ ಪ್ರದೇಶದಲ್ಲಿ ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಅವುಗಳಿಗೆ ಆಹಾರ ಹಾಕಬಾರದು, ಹಾಕುವವರು ದತ್ತು ಪಡೆಯಬೇಕು ಎಂದು ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠವು 2022ರ ಅಕ್ಟೋಬರಿನಲ್ಲಿ ಆದೇಶಿಸಿತು. ದತ್ತು ಪಡೆಯಲೇಬೇಕೆಂಬ ಭಾಗಕ್ಕೆ ಸರ್ವೋಚ್ಚ ನ್ಯಾಯಾಲಯವು ಮರು ತಿಂಗಳೇ ತಡೆ ನೀಡಿತು. 2025ರ ಆಗಸ್ಟ್ 22ರ ಆದೇಶದಲ್ಲಿ ಅದು, ಆಹಾರ ನೀಡಲು ಪ್ರತಿ ವಾರ್ಡಿನಲ್ಲೂ ನಿರ್ದಿಷ್ಟ ಸ್ಥಳ ಗುರುತಿಸಬೇಕೆಂದಿತು. ಬೀದಿನಾಯಿಯ ಮೇಲಿನ ಸಿಟ್ಟನ್ನು ಸಾಕುನಾಯಿಯ ಒಡೆಯನ ಮೇಲೆ ತೀರಿಸಿಕೊಳ್ಳುವುದೂ, ಬೀದಿನಾಯಿಯನ್ನು ತೋರಿಸಿ ತನ್ನ ನಾಯಿಯನ್ನು ಬಿಟ್ಟುಬಿಡುವುದೂ ಸಮನಾದ ತಪ್ಪುಗಳು.

ಆರೋಗ್ಯದ ದೃಷ್ಟಿ

ಹುಚ್ಚುನಾಯಿ ರೋಗ, ಎಂದರೆ ರೇಬೀಸ್, ಮನುಷ್ಯರಿಗೆ ಬರುವುದು ಬಹುತೇಕ ನಾಯಿಗಳಿಂದಲೇ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ಅದಕ್ಕೆ ಮೊದಲು ಲಸಿಕೆ ಪಡೆದರೆ ತಡೆಯುವುದು ಸಾಧ್ಯ. 1885ರ ಜುಲೈ 6ರಂದು ಲೂಯಿ ಪಾಶ್ಚರನ ಲಸಿಕೆ ಪಡೆದ ಒಂಬತ್ತು ವರ್ಷದ ಬಾಲಕ ಬದುಕಿ ಉಳಿದನು. ಪಾಶ್ಚರನು ತೀರಿಕೊಂಡ ಸೆಪ್ಟೆಂಬರ್ 28 ಇಂದು ವಿಶ್ವ ರೇಬೀಸ್ ದಿನ.

ನಾಯಿ ಕಚ್ಚಿದರೆ, ಗೀರಿದರೆ, ಅಥವಾ ತೆರೆದ ಗಾಯವನ್ನು ನೆಕ್ಕಿದರೆ, ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ, ಎಣ್ಣೆ ಯಾವುದನ್ನೂ ಹಚ್ಚಬಾರದು. ಅಂದೇ ವೈದ್ಯರನ್ನು ಕಾಣಬೇಕು. ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ ಹಾಗೂ ಅಲ್ಲಿಂದ 3, 7, 28ನೆಯ ದಿನಗಳಲ್ಲಿ ತಪ್ಪದೆ ಪಡೆಯಬೇಕು. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. "ನೆರೆಮನೆಯ ನಾಯಿ ತಾನೇ" ಎಂದು ಸುಮ್ಮನಿರುವುದು ಅಪಾಯ.

ಮಲವನ್ನು ತೆಗೆಯದಿರುವುದು ಕೇವಲ ಅಸಹ್ಯದ ಮಾತಲ್ಲ. ನಾಯಿಯ ಕರುಳಿನ ದುಂಡುಹುಳುಗಳ ಮೊಟ್ಟೆಗಳು ಮಣ್ಣಿನಲ್ಲಿ ಬಹುಕಾಲ ಉಳಿದು, ಆಡುವ ಮಕ್ಕಳ ಕೈಯಿಂದ ಬಾಯಿಗೆ ಸೇರುತ್ತವೆ. ಅವುಗಳ ಮರಿಗಳು ಕಣ್ಣಿಗೂ ಹಾನಿ ಮಾಡಬಲ್ಲವು. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ಹೊಗುತ್ತವೆ.

ಒಪ್ಪಂದದ ಅಂಶಗಳು

ಆದ್ದರಿಂದ ಪ್ರತಿ ವಸತಿ ಸಂಕೀರ್ಣವೂ ಒಂದು ಸಭೆ ಕೂಡಿ ಕೆಲವು ಅಂಶಗಳನ್ನು ಒಪ್ಪಿಕೊಳ್ಳುವುದು ಲೇಸು. ಒಂದು: ಉದ್ಯಾನದಲ್ಲಿ ಗಿಡ್ಡ ಹಗ್ಗ, ಅದನ್ನು ಹಿಡಿಯಲು ಶಕ್ತಿಯುಳ್ಳ ಕೈ, ದೊಡ್ಡ ನಾಯಿಯನ್ನು ಮಕ್ಕಳ ಕೈಗೆ ಕೊಡಬಾರದು. ಎರಡು: ಮಲ ತೆಗೆಯಲು ಕಾಗದದ ಚೀಲ. ಮೂರು: ವೈದ್ಯರ ಸಲಹೆಯಂತೆ ವರ್ಷವರ್ಷವೂ ರೇಬೀಸ್ ಲಸಿಕೆ ಹಾಗೂ ಕಾಲಕಾಲಕ್ಕೆ ಹುಳುವಿನ ಔಷಧಿ. ನಾಲ್ಕು: ಬಿಡುವಾಗಿ ಓಡಲು, ಸ್ಥಳವಿದ್ದರೆ, ಬೇಲಿ ಹಾಕಿದ ಮೂಲೆ ಮತ್ತು ಗೊತ್ತಾದ ವೇಳೆ. ಐದು: ನಾಯಿಯಿಲ್ಲದವರೂ ಅದನ್ನು ಕೆಣಕಬಾರದು, ಕಲ್ಲೆಸೆಯಬಾರದು, ಅದರತ್ತ ಓಡಬಾರದೆಂದು ಮಕ್ಕಳಿಗೆ ಕಲಿಸಬೇಕು.

ನಾಡಿನ ಮೈಲಾರಲಿಂಗನೇ ಮಹಾರಾಷ್ಟ್ರದ ಖಂಡೋಬಾ. ಎರಡೂ ಕಡೆ ಅವನ ಬಳಿ ನಾಯಿ ಇದೆ. ಕನ್ನಡಿಗ ಕುಟುಂಬವೂ ಮರಾಠಿ ಕುಟುಂಬವೂ ಒಂದೇ ಉದ್ಯಾನವನ್ನು ಹಂಚಿಕೊಳ್ಳುವ ಈ ನಗರದಲ್ಲಿ ನಾಯಿಯು ಜಗಳಕ್ಕೆ ಕಾರಣವಾಗಬೇಕಾಗಿಲ್ಲ. ನಾಲ್ಕಡಿ ಹಗ್ಗವನ್ನು ಮರೆಯದೆ ಹಿಡಿದು ಹೊರಟರೆ, ನಾಯಿಗೂ ಉದ್ಯಾನ ಉಳಿಯುತ್ತದೆ, ನೆರೆಯವರ ಸ್ನೇಹವೂ ಉಳಿಯುತ್ತದೆ.